ನಡೆಯಲು ಆಗದವರ ವ್ಯಾಯಾಮವನ್ನು ಪುಣೆ ಯಾಕೆ ಮರೆತಿದೆ?

ಪುಣೆಯಲ್ಲಿ ವ್ಯಾಯಾಮ ಅಂದರೆ ನಡಿಗೆ. ಬೆಳಗಾದರೆ ಸಾಕು, ವೇತಾಳ ಟೇಕಡಿ, ತಳಜಾಯಿ, ಪರ್ವತಿಯ ಮೆಟ್ಟಿಲು, ಸಾರಸ ಬಾಗ್ ಎಲ್ಲ ಕಡೆ ಬೂಟು ಹಾಕಿಕೊಂಡ ಹಿರಿಯರು ಕಾಣುತ್ತಾರೆ. ಎಪ್ಪತ್ತು ದಾಟಿದವರು ಗುಡ್ಡ ಹತ್ತಿದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಇದು ಈ ಊರಿನ ಒಳ್ಳೆಯ ಗುಣ. ಆದರೆ ಇದರ ಜೊತೆಗೇ ಒಂದು ತಪ್ಪು ತಿಳಿವಳಿಕೆಯೂ ಬೆಳೆದಿದೆ. ನಡೆಯಲು ಆಗದವರಿಗೆ ವ್ಯಾಯಾಮವೂ ಆಗದು ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೇವೆ. ಮೊಣಕಾಲು ಸವೆದವರು, ಪಾರ್ಶ್ವವಾಯು ಆದವರು, ಪಾರ್ಕಿನ್ಸನ್ಸ್ ಇರುವವರು, ಸೊಂಟದ ಮೂಳೆ ಮುರಿದು ಆಪರೇಷನ್ ಆದವರು, ವೀಲ್‌ಚೇರ್ ಬಳಸುವವರು, ಇವರೆಲ್ಲ ಮನೆಯಲ್ಲಿ ಆರಾಮಾಗಿ ಕೂತಿರಲಿ ಅನ್ನುತ್ತೇವೆ.

ಕೂತೇ ಇರುವುದು ಅವರಿಗೆ ಆರಾಮಲ್ಲ. ಇದ್ದಷ್ಟು ಶಕ್ತಿಯೂ ಅದರಿಂದಲೇ ಹೋಗುತ್ತದೆ. ವ್ಯಾಯಾಮದ ಅಗತ್ಯ ಎಲ್ಲರಿಗಿಂತ ಜಾಸ್ತಿ ಇರುವುದು ಇವರಿಗೇ.

ಪುಣೆಯ ಕನ್ನಡದ ಮನೆಗಳಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಹಿಂಜವಡಿ, ವಾಕಡ್, ಪಿಂಪಳೆ ಸೌದಾಗರ್, ಖರಾಡಿ ಕಡೆ ಕೆಲಸಕ್ಕೆ ಬಂದು ನೆಲೆಸಿದ ಮಕ್ಕಳ ಹತ್ತಿರ ಈಗ ತಂದೆತಾಯಿ ಬಂದಿದ್ದಾರೆ. ವಿಜಯಪುರ, ಧಾರವಾಡ, ಕಲಬುರಗಿ, ಬೆಳಗಾವಿಯ ಮನೆಗಳನ್ನು ಬಿಟ್ಟು ಬಂದವರು ಇವರು. ಊರಲ್ಲಿದ್ದಾಗ ವ್ಯಾಯಾಮ ಅಂತ ಬೇರೆ ಏನೂ ಮಾಡಿದವರಲ್ಲ. ಆದರೆ ಹಿತ್ತಲಲ್ಲಿ ಹೂ ಬಿಡಿಸುವುದು, ಅಂಗಳಕ್ಕೆ ನೀರು ಹಾಕುವುದು, ಕೂತು ರೊಟ್ಟಿ ಬಡಿಯುವುದು, ಓಣಿಯ ಆ ತುದಿಯ ಮನೆಗೆ ಹೋಗಿ ಬರುವುದು, ಇದೆಲ್ಲ ದಿನವಿಡೀ ನಡೆದೇ ಇರುತ್ತಿತ್ತು. ಒಂಬತ್ತನೇ ಮಹಡಿಯ ಫ್ಲ್ಯಾಟಿಗೆ ಬಂದ ಕೂಡಲೇ ಅಷ್ಟೂ ಒಂದೇ ಸಲ ನಿಲ್ಲುತ್ತದೆ. ಕೆಳಗೆ ಇಳಿದರೆ ಮಾತಾಡಲು ಗುರುತಿನವರಿಲ್ಲ. ಮರಾಠಿ ಬಾರದು. ಮನೆಯೊಳಗೆ ಮಾಡಲು ಕೆಲಸ ಉಳಿದಿಲ್ಲ. ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ, "ಅವ್ವಾ, ನೀ ಏಳಬ್ಯಾಡ, ಕೂತಲ್ಲೇ ಕೂಡು, ನಾ ತಂದು ಕೊಡ್ತೀನಿ." ಒಂದೆರಡು ವರ್ಷದಲ್ಲಿ ಅದೇ ಅವ್ವ ಸೋಫಾದಿಂದ ಏಳಲು ಕೈ ಚಾಚುತ್ತಾರೆ. ವಯಸ್ಸಾಯಿತು ಅಂದುಕೊಳ್ಳುತ್ತೇವೆ. ಅದರಲ್ಲಿ ವಯಸ್ಸಿನ ಪಾಲು ಎಷ್ಟೋ, ಕೂತಿದ್ದರ ಪಾಲೂ ಅಷ್ಟೇ ಇರುತ್ತದೆ.

ದೇಹ ಕೆಲಸ ಮಾಡುವ ರೀತಿ ನೋಡಿದರೆ ಇದು ಅರ್ಥವಾಗುತ್ತದೆ. ಬಳಸದ ಸ್ನಾಯುವನ್ನು ದೇಹ ಉಳಿಸಿಕೊಳ್ಳುವುದಿಲ್ಲ. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ತಾನಾಗಿ ಕಡಿಮೆಯಾಗುತ್ತದೆ. ಅರವತ್ತರ ನಂತರ ಈ ವೇಗ ಇನ್ನೂ ಹೆಚ್ಚು. ಇದರ ಮೇಲೆ ಹಾಸಿಗೆ ಹಿಡಿದರೆ ಏನಾಗುತ್ತದೆ ಎಂದು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಆರೋಗ್ಯವಾಗಿಯೇ ಇದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲಿ ಮಲಗಿಸಿದ್ದರು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಸ್ನಾಯು ಹೋಗಿತ್ತು. ಹತ್ತೇ ದಿನ! ಜ್ವರ ಬಂದು ಎರಡು ವಾರ ಮಲಗಿದ ಅಜ್ಜ ಎದ್ದ ಮೇಲೆ ಮೊದಲಿನಂತೆ ನಡೆಯಲಿಲ್ಲ ಅನ್ನುವುದು ಎಷ್ಟು ಮನೆಗಳ ಕಥೆ ಅಲ್ವಾ? ಜ್ವರದಷ್ಟೇ ಆ ಮಲಗಿದ್ದೂ ಅದಕ್ಕೆ ಕಾರಣ.

ಕೀಲುಗಳ ವಿಷಯದಲ್ಲಿ ನಮ್ಮ ಲೆಕ್ಕ ಇನ್ನೂ ಉಲ್ಟಾ ಇದೆ. ಸವೆದ ಮೊಣಕಾಲನ್ನು ಬಳಸಿದರೆ ಇನ್ನಷ್ಟು ಸವೆಯುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ಆದರೆ ಕೀಲಿನ ಒಳಗಿನ ಮೃದುವಾದ ಎಲುಬಿಗೆ ರಕ್ತನಾಳಗಳೇ ಇಲ್ಲ. ಅದಕ್ಕೆ ಆಹಾರ ಸಿಗುವುದು ಸುತ್ತಲಿನ ದ್ರವದಿಂದ. ಕಾಲು ಮಡಚಿ ಬಿಡಿಸಿದಾಗ ಸ್ಪಂಜು ಹಿಂಡಿ ಬಿಟ್ಟಂತೆ ಆ ದ್ರವ ಒಳಗೆ ಹೊರಗೆ ಆಡುತ್ತದೆ. ಅಲುಗಾಡದ ಕೀಲಿಗೆ ಆಹಾರವೂ ಇಲ್ಲ. ತೊಡೆಯ ಮುಂದಿನ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ನೋವು ಕಡಿಮೆಯಾಗುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಖಚಿತವಾಗಿರುವ ಮಾತು. ಮೀನಖಂಡದ ಕೆಲಸವೂ ಸಣ್ಣದಲ್ಲ. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವುದು ಅದೇ. ದಿನವಿಡೀ ಕಾಲು ಇಳಿಬಿಟ್ಟು ಕೂತವರ ಪಾದ ಸಂಜೆ ಊದಿಕೊಳ್ಳಲು ಇದೂ ಒಂದು ಕಾರಣ.

ಇದು ಎಷ್ಟು ಜನರ ಪ್ರಶ್ನೆ? ಮುಂಬೈಯ ದೇವನಾರದಲ್ಲಿರುವ ಜನಸಂಖ್ಯಾ ವಿಜ್ಞಾನಗಳ ಅಂತರರಾಷ್ಟ್ರೀಯ ಸಂಸ್ಥೆ 2017-18ರಲ್ಲಿ ದೇಶದ ಸುಮಾರು 72 ಸಾವಿರ ಜನರನ್ನು ಮಾತಾಡಿಸಿ ವಯಸ್ಸಾಗುವಿಕೆಯ ದೊಡ್ಡ ಸಮೀಕ್ಷೆ ನಡೆಸಿತು. ಅರವತ್ತು ದಾಟಿದವರಲ್ಲಿ ಹತ್ತಿರಹತ್ತಿರ ಕಾಲು ಭಾಗದ ಜನಕ್ಕೆ ಸ್ನಾನ, ಬಟ್ಟೆ, ಊಟ, ಓಡಾಟ, ಶೌಚದಂಥ ದಿನದ ಕೆಲಸಗಳಲ್ಲಿ ಒಂದಾದರೂ ಕಷ್ಟವಾಗಿತ್ತು. ಅದೇ ಸಂಸ್ಥೆ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಜೊತೆ 2023ರಲ್ಲಿ ಕೊಟ್ಟ ವರದಿಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರು ಆಗಲೇ ಸುಮಾರು 15 ಕೋಟಿ ಇದ್ದರು. 2050ರ ಹೊತ್ತಿಗೆ ಐದು ಜನರಲ್ಲಿ ಒಬ್ಬರು ಹಿರಿಯರಾಗಿರುತ್ತಾರೆ. ಅಂದರೆ ಈ ಲೇಖನ ಓದುತ್ತಿರುವ ನಲವತ್ತರ ಆಸುಪಾಸಿನ ನಾವೂ ಅದರಲ್ಲಿ ಇರುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವ್ಯಾಯಾಮದ ಮಾರ್ಗಸೂಚಿಯನ್ನು ಹೊಸದಾಗಿ ಬರೆಯಿತು. ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಚಟುವಟಿಕೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಅಂಕಿ. ಅದರಲ್ಲಿ ಬಂದ ಎರಡು ಮಾತುಗಳು ಮಾತ್ರ ನಮ್ಮ ಮನೆಗಳಿಗೆ ತಲುಪಿಲ್ಲ. ಒಂದು, ಅಂಗವೈಕಲ್ಯ ಇರುವವರಿಗೂ ದೀರ್ಘ ಕಾಲದ ಕಾಯಿಲೆ ಇರುವವರಿಗೂ ಮೊದಲ ಸಲ ಅದರಲ್ಲಿ ಬೇರೆಯೇ ಸಲಹೆಗಳನ್ನು ಸೇರಿಸಿದರು. ಇನ್ನೊಂದು, 65 ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಶಕ್ತಿ ಮತ್ತು ಸಮತೋಲದ ವ್ಯಾಯಾಮ ಮಾಡಬೇಕು ಅಂದರು. ಬರೀ ನಡಿಗೆ ಸಾಲದು ಅಂತಲೇ ಇದರ ಅರ್ಥ. ಏನೂ ಮಾಡದೆ ಇರುವುದಕ್ಕಿಂತ ಸ್ವಲ್ಪವಾದರೂ ಮಾಡುವುದು ಮೇಲು ಎಂದೂ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ನೂರೈವತ್ತು ನಿಮಿಷ ಕೇಳಿ ಕೈಬಿಟ್ಟವರಿಗೆ ಈ ಸಾಲನ್ನು ಮೊದಲು ಓದಿ ಹೇಳಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಹಗುರ ವ್ಯಾಯಾಮ ಅಂದ ಕೂಡಲೇ ನಾವು ಸುಮ್ನೆ ಕೈ ಕಾಲು ಆಡಿಸುವುದು ಅಂದುಕೊಳ್ಳುತ್ತೇವೆ. ಅಷ್ಟಕ್ಕೆ ಕೀಲು ಬಿಗಿಯಾಗದೆ ಉಳಿಯಬಹುದು, ಶಕ್ತಿ ಬರುವುದಿಲ್ಲ. ಬೋಸ್ಟನ್ನಿನ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ನಡೆದು 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತೊಂಬತ್ತರ ಆಸುಪಾಸಿನ, ಬಹಳ ದುರ್ಬಲರಾದ 10 ಜನರಿಗೆ 8 ವಾರ ಕಾಲಿಗೆ ಭಾರ ಕೊಟ್ಟು ವ್ಯಾಯಾಮ ಮಾಡಿಸಿದರು. ಅವರ ಕಾಲಿನ ಶಕ್ತಿ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ತೊಂಬತ್ತರಲ್ಲೂ ಸ್ನಾಯು ಕಲಿಯುತ್ತದೆ, ಆದರೆ ಅದಕ್ಕೆ ಸ್ವಲ್ಪ ಕಷ್ಟದ ಕೆಲಸ ಕೊಡಬೇಕು. ಹತ್ತು ಸಲ ಮಾಡುವುದಿದ್ದರೆ ಕೊನೆಯ ಎರಡು ಮೂರು ಸಲ ಕಷ್ಟ ಅನಿಸಬೇಕು. ಅನಿಸದಿದ್ದರೆ ಮುಂದಿನ ವಾರ ಸ್ವಲ್ಪ ಏರಿಸಬೇಕು. ಹಗುರ ಅನ್ನುವ ಮಾತು ಕೀಲಿಗೂ ಹೃದಯಕ್ಕೂ ಪೆಟ್ಟಾಗದಿರಲಿ ಅನ್ನುವುದಕ್ಕೆ ಇರುವುದು. ಸ್ನಾಯುವಿಗೆ ರಜೆ ಕೊಡುವುದಕ್ಕಲ್ಲ.

ಎಲ್ಲಿಂದ ಶುರು ಮಾಡುವುದು? ಕುರ್ಚಿಯಿಂದ. ಕುರ್ಚಿಯಿಂದ ಕೈ ಊರದೆ ಏಳುವುದು, ಮತ್ತೆ ಮೆಲ್ಲಗೆ ಕೂರುವುದು. ಒಬ್ಬರು ಕಮೋಡಿನಿಂದ ತಾವೇ ಎದ್ದು ಬರಬಲ್ಲರೇ ಅನ್ನುವುದು ಈ ಒಂದೇ ಚಲನೆಯ ಮೇಲೆ ನಿಂತಿದೆ. ಒಬ್ಬರೇ ಶೌಚಕ್ಕೆ ಹೋಗಿ ಬರುವುದು ಒಬ್ಬ ಹಿರಿಯರ ಮರ್ಯಾದೆಯ ಪ್ರಶ್ನೆ. ಅದನ್ನು ಉಳಿಸಲು ನಾವು ಏನೂ ಮಾಡುತ್ತಿಲ್ಲ ಅನ್ನುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ. ವೈದ್ಯರಿಗೂ ಇದೊಂದು ಅಳತೆ. ಏಷ್ಯಾದ ತಜ್ಞರ ತಂಡ 2019ರಲ್ಲಿ ಕೊಟ್ಟ ಮಾನದಂಡದ ಪ್ರಕಾರ, ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಬೇಕಾದರೆ ಸ್ನಾಯು ನಷ್ಟದ ಅನುಮಾನ ಪಡಬೇಕು. ಎಲ್ಲರಿಗೂ ಮೊದಲ ದಿನವೇ ಹೀಗೆ ಏಳಲು ಆಗುವುದಿಲ್ಲ. ಆಗ ಸೀಟಿನ ಮೇಲೆ ಒಂದೆರಡು ಗಟ್ಟಿ ದಿಂಬು ಇಟ್ಟು ಎತ್ತರ ಮಾಡಬೇಕು, ಹಿಡಿ ಇರುವ ಕುರ್ಚಿ ಬಳಸಬೇಕು. ಶಕ್ತಿ ಬಂದಂತೆ ದಿಂಬು ತೆಗೆಯುತ್ತ ಹೋಗುವುದು.

ಕುರ್ಚಿ ಯಾವುದು ಅನ್ನುವುದೂ ಮುಖ್ಯ. ಟೈಲ್ಸ್ ನೆಲದ ಮೇಲೆ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಅದರ ಕಾಲು ಅಗಲವಾಗುತ್ತದೆ. ಚಕ್ರ ಇರುವ ಆಫೀಸ್ ಕುರ್ಚಿ ಅಂತೂ ಬೇಡವೇ ಬೇಡ. ಊಟದ ಟೇಬಲ್ಲಿನ ಮರದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಟ್ಟರೆ ಸಾಕು. ಕಾಲಿಗೆ ಸಾಕ್ಸ್ ಬೇಡ, ಜಾರದ ಚಪ್ಪಲಿ ಅಥವಾ ಬರಿಗಾಲು ಇರಲಿ.

ಏಳಲಾಗದವರು ಕೂತಲ್ಲೇ ಮಾಡುವಂಥವು ಬೇಕಾದಷ್ಟಿವೆ. ಒಂದು ಕಾಲು ನೇರ ಚಾಚಿ ಐದು ಎಣಿಸುವವರೆಗೆ ಹಿಡಿದು ಇಳಿಸುವುದು, ಕೂತೇ ನಡೆದಂತೆ ಮೊಣಕಾಲು ಎತ್ತಿ ಇಳಿಸುವುದು, ಹಿಮ್ಮಡಿ ಊರಿ ಪಾದ ಎತ್ತುವುದು, ಬೆರಳು ಊರಿ ಹಿಮ್ಮಡಿ ಎತ್ತುವುದು. ಕೈಗೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದರೆ ಅದೇ ಅರ್ಧ ಕಿಲೋ ಭಾರ. ಒದ್ದೆ ಟವೆಲ್ ಹಿಂಡುವುದು ಮುಷ್ಟಿಗೆ ಒಳ್ಳೆಯ ಕೆಲಸ. ಹಾಸಿಗೆಯಲ್ಲೇ ಇರುವವರು ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕಾಲಿಂದ ಒತ್ತಬಹುದು, ಮೊಣಕಾಲು ಮಡಚಿ ಸೊಂಟ ಎತ್ತಬಹುದು. ಸ್ವಲ್ಪ ನಿಲ್ಲಬಲ್ಲವರು ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಲಿ. ಇನ್ನು ರೊಟ್ಟಿ. ಕೂತು ಜೋಳದ ರೊಟ್ಟಿ ಬಡಿಯುವುದಕ್ಕಿಂತ ಒಳ್ಳೆಯ ಭುಜದ ವ್ಯಾಯಾಮ ನನಗಂತೂ ಗೊತ್ತಿಲ್ಲ. ನೆಲದ ಮೇಲೆ ಕೂರಲು ಆಗದಿದ್ದರೆ ಟೇಬಲ್ಲಿನ ಮೇಲೆ ಬಡಿಯಲಿ. ದಿನಕ್ಕೆ ನಾಲ್ಕು ರೊಟ್ಟಿ ಬಡಿಯುವ ಕೆಲಸವನ್ನು ಅಮ್ಮನಿಂದ ಕಿತ್ತುಕೊಳ್ಳಬೇಡಿ.

ಎಚ್ಚರಿಕೆಗಳೂ ಇವೆ, ಇವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ವ್ಯಾಯಾಮ ಮಾಡುವಾಗ ಮಾತಾಡಲು ಆಗಬೇಕು. ಮಾತಾಡಲೂ ಆಗದಷ್ಟು ಏದುಸಿರು ಬಂದರೆ, ಎದೆ ನೋವು ಅಥವಾ ತಲೆ ಸುತ್ತು ಬಂದರೆ ತಕ್ಷಣ ನಿಲ್ಲಿಸಬೇಕು. ಉಸಿರು ಬಿಗಿ ಹಿಡಿಯಬಾರದು, ರಕ್ತದೊತ್ತಡ ಏರುತ್ತದೆ. ಜೋರಾಗಿ ಎಣಿಸುತ್ತ ಮಾಡಿದರೆ ಉಸಿರು ತಾನೇ ಆಡುತ್ತದೆ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ವ್ಯಾಯಾಮ ಬೇಡ, ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಮೂಳೆ ಟೊಳ್ಳಾದವರು ಬೆನ್ನು ಬಾಗಿಸಿ ಕಾಲ್ಬೆರಳು ಮುಟ್ಟುವ ಸಾಹಸ ಮಾಡಬಾರದು, ಬೆನ್ನೆಲುಬೇ ಕುಸಿಯಬಹುದು. ಟಿವಿಯ ಯೋಗ ನೋಡಿ ಹೀಗೆ ಮಾಡುವವರು ಬಹಳ. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬಾರದು. ಸೊಂಟದ ಕೀಲು ಬದಲಿಸಿಕೊಂಡವರಿಗೆ ಕೆಲವು ಚಲನೆಗಳು ನಿಷಿದ್ಧ, ಆಪರೇಷನ್ ಮಾಡಿದವರನ್ನು ಕೇಳಿಯೇ ಶುರು ಮಾಡಬೇಕು. ಸ್ವಲ್ಪ ನೋವು ಸಹಜ. ಆದರೆ ಮುಗಿಸಿದ ಎರಡು ಗಂಟೆಯ ನಂತರವೂ ನೋವು ಇಳಿಯದಿದ್ದರೆ ಮರುದಿನ ಕಡಿಮೆ ಮಾಡಬೇಕು. ನಿಲ್ಲಿಸಬೇಕಾಗಿಲ್ಲ.

ಪಾರ್ಶ್ವವಾಯು ಆದವರ ಮನೆಗೆ ಇನ್ನೊಂದು ಮಾತು. ರೋಗಿಯನ್ನು ನೋಡಿಕೊಳ್ಳಲು ಬ್ಯೂರೋದಿಂದ ಬರುವ ಹೆಂಗಸರು, ಇಲ್ಲಿಯವರು ಕರೆಯುವಂತೆ ಮಾವಶಿಯರು, ಪಾಪ, ಬಹಳ ಕಷ್ಟಪಡುತ್ತಾರೆ. ಆದರೆ ಎಬ್ಬಿಸುವುದು ಹೇಗೆ ಎಂದು ಎಷ್ಟೋ ಜನಕ್ಕೆ ಯಾರೂ ಕಲಿಸಿರುವುದಿಲ್ಲ. ಬಲ ಹೋದ ಕೈ ಹಿಡಿದು ಎಳೆದರೆ, ಕಂಕುಳಲ್ಲಿ ಕೈ ಹಾಕಿ ಎತ್ತಿದರೆ ಭುಜದ ಕೀಲು ಜಾರಬಹುದು. ಆ ನೋವು ತಿಂಗಳುಗಟ್ಟಲೆ ವ್ಯಾಯಾಮವನ್ನೇ ನಿಲ್ಲಿಸಿಬಿಡುತ್ತದೆ. ಫಿಸಿಯೋ, ಅಂದರೆ ವ್ಯಾಯಾಮದಿಂದ ಚಿಕಿತ್ಸೆ ಕೊಡುವವರು, ಬಂದ ಮೊದಲ ದಿನ ರೋಗಿಗೆ ಎಷ್ಟು ಕಲಿಸುತ್ತಾರೋ ಮಾವಶಿಗೂ ಅಷ್ಟೇ ಕಲಿಸಲು ಹೇಳಿ. ಆ ಸೂಚನೆಗಳನ್ನು ಮನೆಯವರೇ ಕನ್ನಡದಲ್ಲಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಟ್ಟರೆ, ಅಮ್ಮ ದಿನಾ ಮಗಳ ದನಿ ಕೇಳುತ್ತ ಮಾಡುತ್ತಾರೆ.

ಬೇಸರದ ಸಂಗತಿ ಅಂದರೆ ಈ ಜ್ಞಾನವನ್ನು ಪುಣೆ ದೂರದಿಂದ ತರಬೇಕಾಗಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಕಾಯಿಲೆಗಳಿಂದ ನರಳಿದವರು. ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತು 1937ರಲ್ಲಿ ಪುಣೆಗೆ ಬಂದರು. 1975ರಲ್ಲಿ ಇಲ್ಲಿ ತೆರೆದ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆಗೆ ಜಗತ್ತಿನ ಎಲ್ಲ ಕಡೆಯಿಂದ ಜನ ಬರುತ್ತಾರೆ. ಕುರ್ಚಿ, ಬೆಲ್ಟು, ಮರದ ಇಟ್ಟಿಗೆ, ಹಗ್ಗ, ದಿಂಬು ಬಳಸಿ, ಬಗ್ಗದ ದೇಹಕ್ಕೂ ಆಸನ ಮಾಡಿಸುವುದು ಅವರ ದೊಡ್ಡ ಕೊಡುಗೆ. ದೇಹವನ್ನು ಆಸನಕ್ಕೆ ಎಳೆಯದೆ ಆಸನವನ್ನೇ ದೇಹದ ಹತ್ತಿರ ತಂದರು. ನಮ್ಮ ಕನ್ನಡ ನಾಡಿನವರೊಬ್ಬರು ಇದೇ ಊರಲ್ಲಿ ಕೂತು ಮಾಡಿದ ಕೆಲಸ ಇದು.

ಇನ್ನೊಂದು ಕಡೆ ಸೇನೆಯ ಪರಂಪರೆ ಇದೆ. ಕೈಕಾಲು ಕಳೆದುಕೊಂಡ ಸೈನಿಕರಿಗಾಗಿ ಕೃತಕ ಅಂಗ ಕೇಂದ್ರ 1944ರಲ್ಲೇ ಪುಣೆಯಲ್ಲಿ ಶುರುವಾಯಿತು. ಬೆನ್ನುಹುರಿಗೆ ಪೆಟ್ಟಾದವರಿಗಾಗಿ ಖಡಕಿಯಲ್ಲಿ 1974ರಿಂದ ಪುನರ್ವಸತಿ ಕೇಂದ್ರವಿದೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳಿಕಾಂತ್ ಪೇಟ್ಕರ್ ಚಿಕಿತ್ಸೆಯ ಭಾಗವಾಗಿ ಈಜಲು ಶುರು ಮಾಡಿ, 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದರು. ನೀರಿನ ಗುಣವೇ ಹಾಗೆ. ಎದೆಮಟ್ಟದ ನೀರಿನಲ್ಲಿ ನಿಂತರೆ ದೇಹದ ಅರ್ಧಕ್ಕಿಂತ ಜಾಸ್ತಿ ಭಾರವನ್ನು ನೀರೇ ಹೊರುತ್ತದೆ. ನೆಲದ ಮೇಲೆ ಹತ್ತು ಹೆಜ್ಜೆ ಇಡಲಾಗದವರು ನೀರಲ್ಲಿ ನಡೆಯಬಲ್ಲರು. ಈಗ ಹೊಸ ಸೊಸೈಟಿಗಳ ಜಾಹೀರಾತಿನಲ್ಲಿ ಈಜುಕೊಳ ಇದ್ದೇ ಇರುತ್ತದೆ. ಆದರೆ ಇಳಿಯಲು ಇರುವುದು ಸಾಮಾನ್ಯವಾಗಿ ಕಬ್ಬಿಣದ ಏಣಿ ಮಾತ್ರ. ಹಿಡಿಕಂಬಿ ಇರುವ ಅಗಲವಾದ ನಾಲ್ಕು ಮೆಟ್ಟಿಲು ಕಟ್ಟಿದ್ದರೆ ಅದೇ ಕೊಳ ಎಷ್ಟೋ ಮೊಣಕಾಲುಗಳಿಗೆ ಔಷಧ ಆಗುತ್ತಿತ್ತು.

ಇಷ್ಟೆಲ್ಲ ಇದ್ದೂ ಪಕ್ಕದ ಫ್ಲ್ಯಾಟಿನ ಅಜ್ಜಿಗೆ ಇದು ಯಾಕೆ ತಲುಪುತ್ತಿಲ್ಲ? ನನ್ನ ಪ್ರಕಾರ ಹಣದ ವ್ಯವಸ್ಥೆಯೇ ಮೊದಲ ಕಾರಣ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ ಕೊಟ್ಟಿತು. ಬಹಳ ಒಳ್ಳೆಯ ಕೆಲಸ. ಆದರೆ ಅದು ಆಸ್ಪತ್ರೆಗೆ ಸೇರಿದಾಗ ಸಿಗುವ ಹಣ. ಖಾಸಗಿ ವಿಮೆಗಳೂ ಹೆಚ್ಚಾಗಿ ಹಾಗೇ. ಬಿದ್ದು ಸೊಂಟ ಮುರಿದರೆ ಹಣ ಬರುತ್ತದೆ, ಬೀಳದಂತೆ ಕಾಲು ಗಟ್ಟಿ ಮಾಡಿಕೊಳ್ಳಲು ಬರುವುದಿಲ್ಲ. ಹಾಗಾಗಿ ಮನೆಗೆ ಬರುವ ಫಿಸಿಯೋಗೆ ಕೊಡುವುದೆಲ್ಲ ಕೈಯಿಂದಲೇ ಹೋಗುತ್ತದೆ, ಆಪರೇಷನ್ ಆಗಿ ಕೆಲವು ವಾರದಲ್ಲಿ ಮನೆಯವರು ಸಾಕು ಅನ್ನುತ್ತಾರೆ. ಶಕ್ತಿ ಬರಲು ಶುರುವಾಗುವ ಹೊತ್ತಿಗೇ ನಿಂತುಹೋಗುತ್ತದೆ.

ದಾರಿ ಒಂದಿದೆ, ಒಬ್ಬೊಬ್ಬರ ಮನೆಗೆ ಕರೆಸುವ ಬದಲು ಹದಿನೈದು ಇಪ್ಪತ್ತು ಜನಕ್ಕೆ ಒಟ್ಟಿಗೆ ಮಾಡಿಸುವುದು. ಮಹಾರಾಷ್ಟ್ರದಲ್ಲಿ ಬಡಾವಣೆಗೊಂದು ಜ್ಯೇಷ್ಠ ನಾಗರಿಕ ಸಂಘ ಇರುತ್ತದೆ. ಕನ್ನಡದವರಿಗೆ ಭಜನಾ ಮಂಡಳಿಗಳಿವೆ, ಕನ್ನಡ ಸಂಘವಿದೆ. ಭಜನೆಗೆ ಕೂತವರು ಮೊದಲ ಇಪ್ಪತ್ತು ನಿಮಿಷ ಕುರ್ಚಿ ವ್ಯಾಯಾಮ ಮಾಡಿ ಆಮೇಲೆ ತಾಳ ಹಿಡಿಯಬಹುದು. ಲಯಕ್ಕೆ ಹೆಜ್ಜೆ ಹಾಕಿದರೆ ಪಾರ್ಕಿನ್ಸನ್ಸ್ ಇರುವವರ ಸಿಕ್ಕಿಕೊಂಡ ನಡಿಗೆ ಸಡಿಲವಾಗುತ್ತದೆ ಎಂಬುದು ವೈದ್ಯರಿಗೆ ಗೊತ್ತಿರುವ ವಿಷಯ. ನಮ್ಮ ಭಜನೆಯಲ್ಲಿ ಲಯಕ್ಕೇನು ಕೊರತೆ? ಒಬ್ಬರೇ ಇದ್ದಾಗ ವಾರದಲ್ಲಿ ಬಿಟ್ಟುಬಿಡುವ ವ್ಯಾಯಾಮ, ನಾಲ್ಕು ಜನ ಕಾಯುತ್ತಿದ್ದಾರೆ ಅಂದರೆ ಮುಂದುವರಿಯುತ್ತದೆ.

ಇದಕ್ಕೆ ಬೇಕಾದದ್ದು ಕಡಿಮೆ. ನೆಲಮಹಡಿಯಲ್ಲಿ ಒಂದು ಕೋಣೆ, ಗಟ್ಟಿಯಾದ ಕುರ್ಚಿಗಳು, ಹತ್ತಿರದಲ್ಲೇ ಕಮೋಡ್ ಇರುವ ಶೌಚಾಲಯ, ವಾರಕ್ಕೆ ಮೂರು ದಿನ ಬರುವ ಒಬ್ಬ ಫಿಸಿಯೋ. ಸಮಯ ಬೆಳಗಿನ ಆರು ಗಂಟೆ ಬೇಡ. ಆ ಹೊತ್ತಿಗೆ ಕೀಲುಗಳು ಬಿಗಿದಿರುತ್ತವೆ, ಮಾತ್ರೆ ತೆಗೆದುಕೊಂಡಿರುವುದಿಲ್ಲ. ತಿಂಡಿ, ಮಾತ್ರೆ ಮುಗಿದ ಮೇಲೆ ಹನ್ನೊಂದು ಗಂಟೆ ಸರಿ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳು ಪ್ರತಿ ವರ್ಷ ಸೆಪ್ಟೆಂಬರ್ 30ರ ಒಳಗೆ ವಾರ್ಷಿಕ ಸಭೆ ನಡೆಸಬೇಕು. ಕೋಣೆ, ಅಲ್ಲಿಗೆ ಹೋಗಲು ರ‍್ಯಾಂಪ್, ಫಿಸಿಯೋ ಶುಲ್ಕ, ಈ ಮೂರನ್ನೂ ಸಭೆಗೆ ಮೊದಲೇ ಬರವಣಿಗೆಯಲ್ಲಿ ಕಮಿಟಿಗೆ ಕೊಡಿ. ಕೆಳಗೆ ಸಹಿ ಹಾಕಲು ನಿಮ್ಮ ಮಹಡಿಯ ಎರಡು ಮೂರು ಮನೆಯವರಾದರೂ ಸಿಗುತ್ತಾರೆ.